ಓದಿ ವಾಪಸ್ ಕೊಡಬೇಕಾದ ಕರಪತ್ರ

ಊರಿಗೆಲ್ಲ ಬುದ್ಧಿ ಹೇಳಿ ಸಂಬಳ ಪಡೆಯುವವನು ನಾನು. ಶಿವಾಜಿನಗರದ ಒಂದು ಸರ್ಕಾರಿ ಕಚೇರಿಯ ಮೂಲೆಯಲ್ಲಿ ಕೂತು ಇಪ್ಪತ್ತೆರಡು ವರ್ಷಗಳಿಂದ ಕೈ ತೊಳೆಯಿರಿ, ನೀರು ಕುದಿಸಿ, ಸೊಳ್ಳೆ ಓಡಿಸಿ ಎಂದು ಬರೆಯುತ್ತಾ ಬಂದಿದ್ದೇನೆ. ಬುದ್ಧಿ ಹೇಳುವ ಕೆಲಸದಲ್ಲಿ ಒಂದು ಸುಖವಿದೆ. ಹೇಳಿದ್ದು ತನಗಲ್ಲ ಎಂದುಕೊಂಡು ಹಾಯಾಗಿರಬಹುದು. ನೀರು ಕುದಿಸಲು ಒಂದು ದಿನವಾದರೂ ಸ್ಟವ್ ಹಚ್ಚಿದ್ದೀರಾ ಎಂದು ಹೆಂಡತಿ ಕೇಳಿದರೆ, ಬರೆಯುವುದಷ್ಟೇ ನನ್ನ ಇಲಾಖೆ ಎಂದು ಜಾರಿಕೊಳ್ಳುತ್ತೇನೆ.

ಈ ವರ್ಷ ನಮ್ಮ ಪ್ರಚಾರ ವಿಭಾಗದ ಅನುದಾನಕ್ಕೆ ಕತ್ತರಿ ಬಿತ್ತು. ಮೈಕ್ ಕಟ್ಟಿದ ಆಟೋ ಹೋಯಿತು, ಬೀದಿ ನಾಟಕ ಹೋಯಿತು, ಬಣ್ಣದ ಪೋಸ್ಟರ್ ಹೋಯಿತು. ಉಳಿದದ್ದು ಬಡಾವಣೆಗೊಂದು ಹಿಡಿಯಷ್ಟು ಕಪ್ಪು ಬಿಳುಪಿನ ಕರಪತ್ರ. ಅದರ ನೆತ್ತಿಯ ಮೇಲಿನ ಗಣ್ಯರ ಭಾವಚಿತ್ರಗಳು ಎಳ್ಳಷ್ಟೂ ಕುಗ್ಗಲಿಲ್ಲ. ಕುಗ್ಗಿದ್ದು ಕೆಳಗಿನ ಅಕ್ಷರಗಳು. ಬರೆದ ನನಗೇ ಓದಲಾಗದಷ್ಟು ಸಣ್ಣಗಾಗಿದ್ದವು. ಅದೂ ಎಂಥ ಕರಪತ್ರ! ಸಕ್ಕರೆ ಕಾಯಿಲೆಯವರ ಕಣ್ಣು ಪರೀಕ್ಷಿಸುವ ಕ್ಯಾಮರಾ ಇದ್ದ ವ್ಯಾನ್ ಒಂದೇ ಒಂದು ದಿನ ಬೈಯಪ್ಪನಹಳ್ಳಿಗೆ ಬರುವುದಿತ್ತು. ಜನ ಸೇರದಿದ್ದರೆ ಮತ್ತೆ ಈ ಕಡೆಗೆ ಕಳಿಸುವುದಿಲ್ಲ ಎಂದು ಮೇಲಿನವರು ಮೊದಲೇ ಹೇಳಿದ್ದರು. ಕಣ್ಣು ಮಂಜಾದವರನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಕರೆಯುವುದೇ ಎಂದು ನನಗೆ ರೇಗಿಹೋಯಿತು. ಅಕ್ಷರದ ಗಾತ್ರದಲ್ಲಿ ಮಿತವ್ಯಯ ಸಲ್ಲದು ಎಂದು ಮುದ್ರಣ ವಿಭಾಗಕ್ಕೆ ಎರಡು ಪುಟದ ಪತ್ರ ಟೈಪ್ ಮಾಡಿಸಿ ಕಳಿಸಿದೆ. ಆ ದಿನಗಳಲ್ಲಿ ಬಸ್ಸಿನ ಬೋರ್ಡುಗಳಲ್ಲೂ ಉಳಿತಾಯ ಶುರುವಾಗಿದೆಯೆಂದು ನನಗೆ ಗುಮಾನಿ ಇತ್ತು. ಹಲಸೂರಿಗೆ ಹೊರಟವನು ಒಮ್ಮೆ ಲಿಂಗರಾಜಪುರದಲ್ಲಿ ಇಳಿದಿದ್ದೆ.

ಬೈಯಪ್ಪನಹಳ್ಳಿಯ ಆಶಾ ಕಾರ್ಯಕರ್ತೆ ಶರಣಮ್ಮ ಕಲಬುರಗಿ ಕಡೆಯವರು. ಅಲ್ಲಿನ ಬಾಡಿಗೆ ರೂಮುಗಳಲ್ಲಿ ಇರುವ ಅವರೂರ ಕಡೆಯ ಜನರಿಗೆ ಅವರ ಮಾತೆಂದರೆ ಮಾತು. ನಾನು ಕೊಟ್ಟ ಕರಪತ್ರ ನಾಲ್ಕು ವಠಾರಕ್ಕೂ ಸಾಲುವಂತಿರಲಿಲ್ಲ. ಅವರು ಗೊಣಗಲಿಲ್ಲ. ಹತ್ತೇ ಹತ್ತನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಬೆಳಿಗ್ಗೆ ನಲ್ಲಿ ಬರುವ ಹೊತ್ತಿಗೆ ಮನೆಮನೆಗೆ ಹೋಗಿ ಕೈಗೆ ಕೊಟ್ಟು, ಓದಿಸಿ, ಓದಲು ಬಾರದವರಿಗೆ ತಾವೇ ಓದಿ, ವಾಪಸ್ ಇಸಿದುಕೊಂಡು ಮುಂದಿನ ಮನೆಗೆ ನಡೆದರು. ಪುಕ್ಕಟೆ ಹಂಚುತ್ತಿದ್ದ ಕಾಲದಲ್ಲಿ ನನ್ನ ಸಾಹಿತ್ಯದಲ್ಲಿ ಬೋಂಡಾ ಕಟ್ಟುತ್ತಿದ್ದ ಜನ, ವಾಪಸ್ ಕೊಡಬೇಕಲ್ಲ ಎಂಬ ಕಾರಣಕ್ಕೆ ಅದನ್ನು ಎರಡೆರಡು ಸಲ ಓದಿದರಂತೆ. ಶಿಬಿರದ ದಿನ ನಾನು ಖಾಲಿ ಕುರ್ಚಿಗಳನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಹೋದರೆ, ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು.

ಅಷ್ಟಕ್ಕೆ ಸಂತೋಷಪಟ್ಟು ಸುಮ್ಮನಿರಬಹುದಿತ್ತು. ನಾನು ಶರಣಮ್ಮನವರ ಮುಂದೆ ಕರಪತ್ರ ಹಿಡಿದು, ನೋಡಿ ಎಷ್ಟು ಸಣ್ಣ ಅಕ್ಷರ, ಇದನ್ನು ಜನ ಓದಿದ್ದೇ ಪವಾಡ ಎಂದು ಮುದ್ರಣ ವಿಭಾಗವನ್ನು ಬಯ್ಯತೊಡಗಿದೆ. ಅವರು ತಮ್ಮ ಚೀಲದ ತಳಕ್ಕೆ ಹಾಸಿದ್ದ ಹೋದ ವರ್ಷದ ಬಣ್ಣದ ಕರಪತ್ರವನ್ನು ಎಳೆದು, ಈ ವರ್ಷದ್ದರ ಪಕ್ಕಕ್ಕಿಟ್ಟು, ಸಾಲಿನ ಮೇಲೆ ಬೆರಳಿಟ್ಟರು.

"ಅಕ್ಷರ ಹೋದ ವರ್ಷ ಎಷ್ಟು ದೊಡ್ಡ ಇದ್ವೋ ಈಗೂ ಅಷ್ಟೇ ಅವ ರೀ ಸರ. ನಿಮಗ ಸಕ್ಕರಿ ಅದ ಅಂದಿದ್ರಲ್ಲ, ಕಣ್ಣು ಯಾವಾಗ ತೋರಿಸೀರಿ?"

ಸಕ್ಕರೆ ಬಂದು ಆರು ವರ್ಷ. ಕಣ್ಣು ತೋರಿಸಿದ್ದು ಒಮ್ಮೆಯೂ ಇಲ್ಲ. 'ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ತಪ್ಪದೆ ಕಣ್ಣು ಪರೀಕ್ಷಿಸಿಕೊಳ್ಳಿ' ಎಂಬ ವಾಕ್ಯವನ್ನು ಆರು ವರ್ಷವೂ ಬರೆದವನು ನಾನೇ. ಶರಣಮ್ಮ ಹೆಚ್ಚು ಮಾತಾಡದೆ ನನ್ನನ್ನು ಸಾಲಿನ ಕೊನೆಗೆ ನಿಲ್ಲಿಸಿದರು. ವ್ಯಾನಿನೊಳಗಿದ್ದ ಡಾಕ್ಟರಮ್ಮ ಚಿತ್ರ ನೋಡಿ ಹೇಳಿದ ಒಂದೇ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಇನ್ನೊಂದಾರು ತಿಂಗಳು ಬಿಟ್ಟು ಬಂದಿದ್ರೆ, ನಾನೇನೂ ಮಾಡೋಕಾಗ್ತಿರ್ಲಿಲ್ಲ ಸರ್."

ಆಮೇಲೆ ದೊಡ್ಡ ಆಸ್ಪತ್ರೆ, ಲೇಸರ್, ಕೆಲವು ಇಂಜೆಕ್ಷನ್. ಈಗ ಬಸ್ಸಿನ ಬೋರ್ಡುಗಳು ತಮ್ಮ ಹಳೆಯ ಗಾತ್ರಕ್ಕೆ ಬಂದಿವೆ, ನಾನು ಹಲಸೂರಿನಲ್ಲೇ ಇಳಿಯುತ್ತೇನೆ. ಬೆಳಿಗ್ಗೆ ಪತ್ರಿಕೆ ಬಿಡಿಸಿ ಮೊದಲ ಸಾಲು ಓದುವಾಗಲೆಲ್ಲ ಶರಣಮ್ಮನವರನ್ನು ನೆನೆಯುತ್ತೇನೆ. ಅವರ ಋಣ ತೀರಿಸುವುದು ನನ್ನಿಂದಾಗದು. ಮುದ್ರಣ ವಿಭಾಗದಿಂದಲೂ ಉತ್ತರ ಬಂತು: ಅಕ್ಷರದ ಗಾತ್ರದಲ್ಲಿ ಯಾವುದೇ ಕಡಿತ ಮಾಡಿರುವುದಿಲ್ಲ. ಕನ್ನಡಕವನ್ನೂ ಹುಡುಕದೆ ಅದನ್ನು ಓದಿ, ಯಾರಿಗೂ ತೋರಿಸದೆ ಕಡತಕ್ಕೆ ಸೇರಿಸಿದೆ.

ಶರಣಮ್ಮ ಈಗಲೂ ತಿಂಗಳಿಗೊಮ್ಮೆ ಕಚೇರಿಗೆ ಬರುತ್ತಾರೆ. ಬಂದವರು ಮೊದಲು ಪ್ಲಾಸ್ಟಿಕ್ ಕವರಿನಿಂದ ಒಂದು ಕರಪತ್ರ ತೆಗೆದು ನನ್ನ ಕೈಗಿಟ್ಟು, ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿಸುತ್ತಾರೆ. ಇದನ್ನು ಬರೆದವನೇ ನಾನು ಎಂದರೂ ಬಿಡುವುದಿಲ್ಲ. ಓದಿ ಮುಗಿಸಿದ ಮೇಲೆ ಕೈ ಚಾಚಿ ವಾಪಸ್ ಇಸಿದುಕೊಳ್ಳುತ್ತಾರೆ.