ನಿಮ್ಮಜ್ಜ ಸತ್ತದ್ದು ಖಾತ್ರಿಯಾದ ಬಗೆ

ಮಕ್ಕಳೇ, ಗಂಡ ಸತ್ತಿದ್ದಾನೆಂದು ಸರಕಾರಕ್ಕೆ ತೋರಿಸಿಕೊಡುವುದು ಬಹಳ ಸುಲಭದ ಕೆಲಸವೆಂದು ನಾನು ತಿಳಿದಿದ್ದೆ. ಸತ್ತವರು ಸತ್ತಿರುತ್ತಾರೆ. ಅದರಲ್ಲಿ ಹೆಂಡತಿ ಮಾಡುವಂಥದ್ದೇನಿದೆ? ಈ ಧೈರ್ಯದ ಮೇಲೆಯೇ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿದೆ.

ನಿಮ್ಮಜ್ಜ ನಿಪ್ಪಾಣಿಯ ತಂಬಾಕಿನ ವಖಾರಿನಲ್ಲಿ ಮೂಟೆ ಹೊರುವ ಹಮಾಲರಾಗಿದ್ದರು. ತಂಬಾಕಿನ ಧೂಳು ಎದೆಗಿಳಿದು ಕೆಮ್ಮು ಹತ್ತಿತು. ಎರಡು ಸಣ್ಣ ಕೆಮ್ಮು, ಸ್ವಲ್ಪ ತಡೆದು ಒಂದು ಉದ್ದದ್ದು, ಬಾವಿಗೆ ಕೊಡ ಇಳಿಬಿಟ್ಟ ಹಾಗೆ. ಒಂದು ದಿನ ಮಿರಜಿನ ದವಾಖಾನೆಯಲ್ಲಿ ಅದು ನಿಂತಿತು. ಅಲ್ಲಿಯೇ ಮಣ್ಣೂ ಆಯಿತು. ನಿಮ್ಮ ಅವ್ವ ಆಗ ಒಂದನೆಯ ಇಯತ್ತೆ ಓದುತ್ತಿದ್ದಳು.

ನಿಪ್ಪಾಣಿಯ ಬಾಡಿಗೆ ಖೋಲಿ ಬಿಟ್ಟು ನಾವಿಬ್ಬರೂ ಅಕ್ಕೋಳದಲ್ಲಿದ್ದ ನನ್ನ ಚಿಕ್ಕಮ್ಮನ ಹೊಲದ ಮನೆಗೆ ಬಂದು ಸೇರಿದೆವು. ಚಿಕ್ಕಮ್ಮ ಬೇರೆ ಊರಿನಲ್ಲಿದ್ದು ಕಾಳುಕಡಿ ಕಳಿಸುತ್ತಿದ್ದಳು. ಮೂರು ಕಡೆ ಆಳೆತ್ತರದ ಕಬ್ಬು, ಒಂದು ಕಡೆ ದಾರಿ. ಗಾಳಿಯಿಲ್ಲದ ಮಧ್ಯಾಹ್ನದಲ್ಲೂ ಕಬ್ಬಿನೊಳಗೆ ಯಾರೋ ಹೊಸ ಸೀರೆ ಮಡಿಸಿದಂಥ ಸಪ್ಪಳ. ಆ ಊರಿನಲ್ಲಿ ನಿಮ್ಮಜ್ಜನನ್ನು ಬದುಕಿದ್ದಾಗ ಕಂಡವರಿರಲಿಲ್ಲ. ಸತ್ತದ್ದನ್ನು ಕಂಡವರೂ ಇರಲಿಲ್ಲ. ಸುದ್ದಿ ಗೊತ್ತಿದ್ದದ್ದು ಪಕ್ಕದ ಹೊಲದ ಅಕ್ಕಾತಾಯಿಗೆ ಮಾತ್ರ.

ಸಣ್ಣ ವಯಸ್ಸು, ಒಂಟಿ ಮನೆ. ಒಳಗೆ ಗಂಡಸಿಲ್ಲವೆಂದು ದಾರಿಹೋಕರಿಗೆ ತಿಳಿಯಬಾರದು. ನಾನೋ ನಾಲ್ಕು ಜನರೆದುರು ಬಾಯಿ ಬಿಡದ ಹೆಂಗಸು. ಜಗಳವಂತೂ ಬಾರದು. ಆದ್ದರಿಂದ ಉಪಾಯ ಹೂಡಿದೆ. ಅವರ ಚಪ್ಪಲಿ ಬಾಗಿಲ ಬಳಿ ಇಟ್ಟೆ. ಬೆಳಿಗ್ಗೆ ಹೊರಮುಖ ಮಾಡಿಡುತ್ತಿದ್ದೆ, ಸಂಜೆ ಒಳಮುಖ. ದಿನಕ್ಕೊಂದು ಅಂಗಿ ಒಗೆದು ಹಗ್ಗಕ್ಕೆ ಹಾಕಿದೆ. ಯಾರಾದರೂ ಬಾಗಿಲು ಬಡಿದರೆ ಒಳಗೆ ತಿರುಗಿ, "ರೀ, ಯಾರೋ ಬಂದಾರ ನೋಡ್ರಿ!" ಎಂದು ಕೂಗುತ್ತಿದ್ದೆ. ಆಗ ನಿಮ್ಮ ಅವ್ವ ಕೊಡದೊಳಗೆ ಬಾಯಿಟ್ಟು ಅಪ್ಪನ ಹಾಗೆ ಕೆಮ್ಮಬೇಕು. ಎರಡು ಸಣ್ಣದು, ಒಂದು ಉದ್ದದ್ದು. ಬಂದವರು ಹೊಸ್ತಿಲಾಚೆಯೇ ನಿಂತು ಮಾತಾಡಿ ಹೋಗುತ್ತಿದ್ದರು. ನನ್ನ ಬುದ್ಧಿಗೆ ನಾನೇ ಬೆರಗಾಗಿದ್ದೆ!

ಎರಡು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಊರಿನ ಅಂಗನವಾಡಿಗೆ ಕಾರ್ಯಕರ್ತೆ ಬೇಕೆಂಬ ಪ್ರಕಟಣೆ ಬಂತು. ವಿಧವೆಯರಿಗೆ ಮೊದಲ ಹಕ್ಕು, ಗಂಡ ಬಿಟ್ಟವರಿಗೆ ನಂತರದ್ದು. ತವರೂರು ದಿಗ್ಗೇವಾಡಿಯ ಶಾಲೆಯಲ್ಲಿ ಹತ್ತನೆಯದನ್ನು ಹೇಗೋ ದಾಟಿದ್ದೆ. ಚಿಕ್ಕಮ್ಮನ ಹಂಗಿನ ಅನ್ನ ಬಿಟ್ಟು ಮಗಳನ್ನು ಓದಿಸಲು ನನಗಿದ್ದದ್ದು ಅದೊಂದೇ ದಾರಿ.

ಕಾಗದಪತ್ರ ತಪಾಸಣೆಗೆ ಚಿಕ್ಕೋಡಿಯ ಕಚೇರಿಗೆ ಹೋದೆ. ಗುಮಾಸ್ತ ತಲೆ ಎತ್ತದೆ ಕೇಳಿದ: "ಗಂಡ ಎಲ್ಲಿದ್ದಾರ?"

ಪರಪುರುಷರು ಕೇಳಿದರೆ ಹೇಳಲೆಂದು ರೂಢಿ ಮಾಡಿಕೊಂಡಿದ್ದ ಉತ್ತರ ಬಾಯಿಂದ ಜಾರಿತು. "ಒಳಗ ಮಲಗ್ಯಾರ್ರಿ."

ಅವನು ತಲೆ ಎತ್ತಿದ! ನಾನು ಅವಸರವಾಗಿ ಮಿರಜಿನ ಮರಣಪತ್ರ ಮುಂದಿಟ್ಟೆ. ಅದು ಮರಾಠಿಯಲ್ಲಿತ್ತು. ಅವನು ತಿರುಗಿಸಿ ಮುರುಗಿಸಿ ನೋಡಿ, "ಇವ್ರು ಮಹಾರಾಷ್ಟ್ರದಾಗ ಸತ್ತಾರ. ನಮ್ಮ ಕರ್ನಾಟಕದಾಗ ಹೆಂಗ?" ಎಂದ. ಕೊನೆಗೆ ಗೊಣಗುತ್ತಲೇ ಅದನ್ನು ಕಡತಕ್ಕೆ ಸೇರಿಸಿದ. ನನ್ನ ಬೆನ್ನಿಗೇ ಸುನಂದಾ ನಿಂತಿದ್ದಳು. ನಮ್ಮೂರಿನವಳೇ. ಗಂಡ ಬಿಟ್ಟು ಹೋಗಿ ಎರಡು ಮಕ್ಕಳೊಂದಿಗೆ ಒದ್ದಾಡುತ್ತಿದ್ದವಳು. ಎಲ್ಲ ಕೇಳಿಸಿಕೊಂಡಳು.

ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಬಂತು, ಅವಳದು ಎರಡನೆಯದು. ಹದಿನೈದೇ ದಿನಗಳಲ್ಲಿ ಅವಳು ಆಯ್ಕೆಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದಳು. ಕೋರ್ಟು ನನ್ನ ನೇಮಕಾತಿಗೆ ತಡೆ ಕೊಟ್ಟು, ಮನೆಗೇ ಹೋಗಿ ವಿಚಾರಣೆ ಮಾಡಿ ವರದಿ ಕೊಡಿರೆಂದು ಇಲಾಖೆಗೆ ಹೇಳಿತು. ಸುನಂದಾಳ ಅರ್ಜಿಯ ಪ್ರತಿಯನ್ನು ಅಕ್ಕಾತಾಯಿ ಕಟ್ಟೆಯ ಮೇಲೆ ಕೂತು ಓದಿದಳು.

"ಒಂದು. ಸದರಿ ಮಹಿಳೆಯ ಪತಿಯ ಪಾದರಕ್ಷೆಗಳು ಪ್ರತಿದಿನ ದಿಕ್ಕು ಬದಲಿಸುತ್ತವೆ. ಅಯ್ಯ ನನ್ನವ್ವಾ! ಎರಡು. ಪತಿಯ ಅಂಗಿಗಳು ಪ್ರತಿದಿನ ಕೊಳೆಯಾಗುತ್ತವೆ. ಮೂರು. ಪತಿಯು ಒಳಗಿನಿಂದ ಕೆಮ್ಮುವುದನ್ನು ಹಾಲಿನ ಮಾರುತಿ ಮತ್ತಿತರರು ಖುದ್ದಾಗಿ ಕೇಳಿರುತ್ತಾರೆ." ಅಕ್ಕಾತಾಯಿ ಹೊಟ್ಟೆ ಹಿಡಿದು ನಕ್ಕಳು. "ಶಾಣ್ಯಾಕಿ ಅದೀಯವ್ವಾ! ಸತ್ತವನ್ನ ಇಷ್ಟು ಚಂದ ಸಂಸಾರ ಮಾಡಿಸೀದಿ!"

ನಾನೂ ನಕ್ಕೆ. ಅವಳು ಮುಂದೆ ಓದಿದಳು. "ನಾಲ್ಕು. ಪತಿಯು ಅಮಾವಾಸ್ಯೆಯ ಮಧ್ಯಾಹ್ನ ಎಡಗಾಲು ಎಳೆಯುತ್ತ ಬದುವಿನ ಮೇಲೆ ನಡೆದು ಕಬ್ಬಿನೊಳಗೆ ಹೋದದ್ದನ್ನು ಅರ್ಜಿದಾರಳೇ ಕಂಡಿರುತ್ತಾಳೆ."

ನನ್ನ ನಗು ಅಲ್ಲಿಯೇ ಒಣಗಿತು. ವಖಾರಿನಲ್ಲಿ ಮೂಟೆ ಬಿದ್ದು ನಿಮ್ಮಜ್ಜನ ಎಡಗಾಲು ಊನವಾಗಿತ್ತು. ಅಕ್ಕೋಳದಲ್ಲಿ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಕ್ಕಾತಾಯಿಗೂ ಇಲ್ಲ.

ಮೂರು ನಾನು ಮಾಡಿದ್ದವು. ನಾಲ್ಕನೆಯದು ನಾನು ಮಾಡಿದ್ದಲ್ಲ.

ಇನ್ನು ಗಂಡನನ್ನು ಬೇಗ ಸಾಯಿಸಬೇಕು ಎಂದು ನಿಶ್ಚಯಿಸಿದೆ. ಮೊದಲು ಚಪ್ಪಲಿ ತೆಗೆದು ಟ್ರಂಕಿನಲ್ಲಿಟ್ಟೆ. ಮರುದಿನವೇ ಹಾಲಿನ ಮಾರುತಿ ಊರೆಲ್ಲ ಸಾರಿದ: "ವಿಚಾರಣಿಗೆ ಹೆದರಿ ಗಂಡ ಓಡಿ ಹೋಗ್ಯಾನ!" ಮತ್ತೆ ಹೊರಗಿಟ್ಟೆ. "ವಾಪಸ್ ಬಂದಾನ!" ಎಂದ.

ಸರಿ, ಅಂಗಿಗಳಾದರೂ ಹೋಗಲಿ ಎಂದು ಕಬ್ಬು ಕಡಿಯಲು ಬಂದಿದ್ದ ಕೂಲಿಗಳ ಟೋಳಿಯ ಮುದುಕನೊಬ್ಬನಿಗೆ ಎಲ್ಲವನ್ನೂ ಕೊಟ್ಟೆ. ಇದಕ್ಕಿಂತ ದೊಡ್ಡ ದಡ್ಡತನ ಜಗತ್ತಿನಲ್ಲಿಲ್ಲ! ಇಲ್ಲಿಯ ತನಕ ಹಗ್ಗದ ಮೇಲಿದ್ದ ಅಂಗಿ ಈಗ ಹೊಲದ ತುಂಬ ಓಡಾಡತೊಡಗಿತು. ಮೂರೇ ದಿನದಲ್ಲಿ ಸುನಂದಾಳಿಗೆ ಐದು ಜನ ಹೊಸ ಸಾಕ್ಷಿಗಳು ಸಿಕ್ಕರು. ಒಂದು ಮಧ್ಯಾಹ್ನ ನಾನು ನೀರಿಗೆ ಹೋಗಿದ್ದಾಗ ಕಬ್ಬಿನ ಸಾಲಿನ ನಡುವೆ ನಿಮ್ಮಜ್ಜನ ನೀಲಿ ಚೌಕಳಿ ಅಂಗಿ ನಿಧಾನವಾಗಿ ದಾಟಿ ಹೋಯಿತು. ಕೊಡ ಬಿಟ್ಟು ಓಡಿ ಬಂದೆ. ಸಂಜೆ ಅಕ್ಕಾತಾಯಿ ಹೇಳಿದಳು, ಆ ಟೋಳಿ ಗಾಡಿ ಕಟ್ಟಿಕೊಂಡು ಮುಂಜಾನೆಯೇ ಬೇಡಕಿಹಾಳದ ಕಡೆ ಹೋಗಿತ್ತಂತೆ.

ವಿಚಾರಣೆಯ ದಿನ ಬಂತು. ಹಗಲು ಹನ್ನೆರಡರ ಬಿಸಿಲು. ಬೆಳಿಗ್ಗೆಯೇ ನಿಮ್ಮ ಅವ್ವನಿಗೆ ಆಣೆ ಹಾಕಿಸಿದ್ದೆ. "ಇವತ್ತ ಕೆಮ್ಮಿದಿ ಅಂದ್ರ ನಾ ನಿಮ್ಮವ್ವ ಅಲ್ಲ ನೋಡು!" ಅಷ್ಟಕ್ಕೂ ನಂಬಿಕೆ ಸಾಲದೆ ಅವಳ ಬಾಯಿಗೆ ಬೆಲ್ಲದ ದೊಡ್ಡ ಹೆಂಟೆ ತುರುಕಿ, ಸೆರಗಿನ ತುದಿ ಕೈಗೆ ಕೊಟ್ಟು ಮಗ್ಗುಲಿಗೆ ನಿಲ್ಲಿಸಿಕೊಂಡೆ. ಕೆಮ್ಮುವ ಕೊಡವನ್ನು ಅಕ್ಕಾತಾಯಿಯ ಮನೆಗೆ ಸಾಗಿಸಿದ್ದೆ. ಇನ್ನೇನು ಆಗುತ್ತದೆ?

ಬಾಗಿಲು ಬಡಿದರು. ತೆರೆದೆ. ಅಧಿಕಾರಿ ಮೇಡಂ, ಅದೇ ಗುಮಾಸ್ತ, ಸುನಂದಾ, ಹಿಂದೆ ಅರ್ಧ ಊರು. ಅಷ್ಟು ಜನರನ್ನು ಕಂಡದ್ದೇ ತಡ, ನನ್ನ ಕತ್ತು ತಾನಾಗಿ ಒಳಗೆ ತಿರುಗಿತು. ಬಾಯಿ ತಾನಾಗಿ ತೆರೆಯಿತು.

"ರೀ, ಯಾರೋ ಬಂದಾರ ನೋಡ್ರಿ!"

ಮುಗಿಯಿತು! ನನ್ನ ಕೆಲಸ, ಮಗಳ ಶಾಲೆ, ಎಲ್ಲವನ್ನೂ ನಾನೇ ಕೂಗಿ ಕಳೆದುಕೊಂಡೆ. ಸುನಂದಾ ಕೈ ತಟ್ಟಿದಳು. "ಕೇಳಿದ್ರೇನ್ರಿ ಮೇಡಂ? ನಾ ಹೇಳಿರಲಿಲ್ಲೇನು?"

ಆಗ ಒಳಮನೆಯಿಂದ ಕೆಮ್ಮು ಕೇಳಿತು.

ಎರಡು ಸಣ್ಣದು. ಸ್ವಲ್ಪ ತಡೆದು, ಒಂದು ಉದ್ದದ್ದು.

ಎಲ್ಲರ ಕಣ್ಣು ನಿಮ್ಮ ಅವ್ವನ ಮೇಲೆ ಬಿತ್ತು. ಅವಳ ಎರಡೂ ಕೆನ್ನೆ ಬೆಲ್ಲದಿಂದ ಉಬ್ಬಿದ್ದವು. ಜೊಲ್ಲು ಸುರಿಯುತ್ತಿತ್ತು. ಕಣ್ಣು ಪಿಳಿಪಿಳಿ ಬಿಡುತ್ತ ಅವಳೂ ಒಳಗೇ ನೋಡುತ್ತಿದ್ದಳು.

ಮೇಡಂ ಗುಮಾಸ್ತನನ್ನು ಒಳಗೆ ಕಳಿಸಿದರು. ಅವನು ಧೈರ್ಯದಿಂದ ಹೋಗಿ ಮೆತ್ತಗೆ ಹಿಂದಿರುಗಿದ. "ಯಾರೂ ಇಲ್ರಿ ಮೇಡಂ. ಹಿತ್ತಲ ಬಾಗಿಲಿಗೆ ಒಳಗಿಂದ ಅಗಳಿ ಐತ್ರಿ. ಕಿಟಕಿನೂ ಇಲ್ಲ." ಹಿಂದಿದ್ದ ಅರ್ಧ ಊರು ಕಾಲು ಊರಾಯಿತು. ಕಬ್ಬೂ ಸಪ್ಪಳ ಮಾಡಲಿಲ್ಲ.

ಸುನಂದಾಳ ಮುಖ ಸುಣ್ಣದಂತಾಗಿತ್ತು. ಮೇಡಂರ ತೋಳು ಹಿಡಿದುಕೊಂಡು ಹೇಳಿದಳು: "ಮೇಡಂ, ಬರಕೊಳ್ರಿ. ಇವರ ಗಂಡ ಸತ್ತಾನ್ರಿ. ಪಕ್ಕಾ ಸತ್ತಾನ. ನಾ ಅರ್ಜಿ ವಾಪಸ್ ತಗೋತೀನ್ರಿ!"

ಮೇಡಂ ನಿಂತ ನಿಲುವಿನಲ್ಲೇ ಬರೆದರು: "ಸ್ಥಳ ಪರಿಶೀಲನೆಯಿಂದ ಪತಿಯು ಮೃತರಾಗಿರುವುದು ಖಾತ್ರಿಯಾಗಿರುತ್ತದೆ." ಸಹಿಯನ್ನು ದಾರಿಗಿಳಿದ ಮೇಲೆಯೇ ಮಾಡಿದರು. ಚಹಾ ಕುಡಿಯಿರೆಂದರೆ ಯಾರೂ ನಿಲ್ಲಲಿಲ್ಲ.

ಕೆಲಸ ನನ್ನದಾಯಿತು. ಮರುವರ್ಷ ಸುನಂದಾಳೂ ನನ್ನ ಕೈಕೆಳಗೆ ಸಹಾಯಕಿಯಾಗಿ ಬಂದಳು. ಒಳ್ಳೆಯವಳು. ಮಕ್ಕಳನ್ನು ಬಹಳ ಪ್ರೀತಿಯಿಂದ ನೋಡಿಕೊಂಡಳು. ನಮ್ಮ ಮನೆಗೆ ಮಾತ್ರ ಈ ತನಕ ಕಾಲಿಟ್ಟಿಲ್ಲ. ನಿಮ್ಮ ಅವ್ವನನ್ನು ಕೇಳಿ ನೋಡಿ, ಅವತ್ತು ಕೆಮ್ಮಿದ್ದು ತಾನಲ್ಲವೆಂದು ಇವತ್ತಿಗೂ ಆಣೆ ಮಾಡುತ್ತಾಳೆ. ಆ ಚಪ್ಪಲಿ ಈಗಲೂ ಬಾಗಿಲ ಬಳಿಯೇ ಇದೆ. ದಿಕ್ಕು ಬದಲಿಸುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಬೆಳಿಗ್ಗೆ ಎದ್ದು ನೋಡುವುದನ್ನೂ ಬಿಟ್ಟಿದ್ದೇನೆ.

ಗಂಡ ಬದುಕಿದ್ದಾನೆಂದು ಎರಡು ವರ್ಷ ಊರನ್ನೆಲ್ಲ ನಂಬಿಸಿದ ಶಾಣ್ಯಾ ಹೆಂಗಸು ನಿಮ್ಮ ಅಜ್ಜಿ. ಅವರು ಸತ್ತಿದ್ದಾರೆಂಬ ಒಂದು ಸತ್ಯವನ್ನು ಸಾಬೀತು ಮಾಡುವುದು ಮಾತ್ರ ನನ್ನ ಕೈಲಾಗಲಿಲ್ಲ. ಅದಕ್ಕೂ ಪಾಪ, ಅವರೇ ಬರಬೇಕಾಯಿತು!