ಅಣಬೆ ಕಾಫಿ ತಂದ ಭಕ್ತಿ

ಮನುಷ್ಯನಿಗೆ ದೈವಭಕ್ತಿ ಯಾವ ವಯಸ್ಸಿನಲ್ಲಿ ಬರುತ್ತದೆ, ಯಾಕೆ ಬರುತ್ತದೆ ಎಂದು ಹೇಳುವುದು ಕಷ್ಟ. ಕೆಲವರಿಗೆ ಕಾಯಿಲೆ ಬಿದ್ದಾಗ ಬರುತ್ತದೆ, ಕೆಲವರಿಗೆ ವರ್ಗಾವಣೆಯ ಪಟ್ಟಿ ಹೊರಡುವ ಮುಂಚೆ ಬರುತ್ತದೆ. ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಅಣಬೆಯಿಂದ ಬಂತು. ನಾನು ಬೆಸಗರಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮಂಡ್ಯದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು, "ಪ್ರಯೋಗ ಮಾಡಿ ನೋಡದೆ ಏನನ್ನೂ ನಂಬಬೇಡಿ" ಎಂದು ವರ್ಷಾನುಗಟ್ಟಲೆ ಮಕ್ಕಳ ತಲೆ ತಿಂದವನು. ಅಂಥವನು ಈಗ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಮುಂದಿನ ಏಕಾದಶಿ ಯಾವತ್ತು ಎಂದು ಬೆರಳಿಟ್ಟು ಹುಡುಕುವ ಸ್ಥಿತಿಗೆ ಬಂದ ಕಥೆಯನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಲ್ಲಿ ಅದು ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ.

ನನಗೆ ಇರುವುದು ಒಂದೇ ಚಟ, ಕಾಫಿ. ದಿನಕ್ಕೆ ಏಳೆಂಟು ಲೋಟ ಸಲೀಸಾಗಿ ಇಳಿಯುತ್ತಿತ್ತು. ಎದೆ ಉರಿ ಹೆಚ್ಚಾಗಿ ಡಾಕ್ಟರ ಹತ್ತಿರ ಹೋದಾಗ ಅವರು "ಎರಡು ಲೋಟಕ್ಕೆ ಇಳಿಸಿ, ಸಾಕು" ಎಂದರು. ಒಳ್ಳೆಯ ಮಾತು. ಬೇರೆ ಯಾರಾದರೂ ಆಗಿದ್ದರೆ ಎರಡು ಲೋಟಕ್ಕೆ ಇಳಿಸಿ ಸುಖವಾಗಿರುತ್ತಿದ್ದರು. ಆದರೆ ನಾನು ಯಾವುದನ್ನು ಬಿಟ್ಟರೂ ನಾಲ್ಕು ಜನಕ್ಕೆ ಗೊತ್ತಾಗುವಂತೆ ಬಿಡಬೇಕು. ಅದೇ ಸಮಯಕ್ಕೆ ಸರಿಯಾಗಿ ಫೋನಿನಲ್ಲಿ ಗಡ್ಡದ ಯುವಕನೊಬ್ಬ ಕಾಣಿಸಿಕೊಂಡು, ಅಣಬೆ ಕಾಫಿ ಕುಡಿದರೆ ನಿದ್ದೆ, ನೆನಪು, ನೆಮ್ಮದಿ ಎಲ್ಲಾ ಒಟ್ಟಿಗೆ ಬರುತ್ತವೆ ಎಂದ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, "ಇವತ್ತಿನಿಂದ ನನಗೆ ಕಾಫಿ ಬಂದ್. ಇನ್ನೇನಿದ್ದರೂ ಅಣಬೆ ಕಾಫಿ" ಎಂದು ಘೋಷಿಸಿದೆ. ನಮ್ಮ ವ್ಯಾಯಾಮದ ಮೇಷ್ಟ್ರು ಅನ್ವರ್, "ಮೇಷ್ಟ್ರೇ, ಕಾಫಿ ಬುಟ್ಬುಟ್ರೆ ಮಧ್ಯಾಹ್ನದ ಮ್ಯಾಲೆ ನಿಮ್ಮನ್ನ ಎಬ್ಬಿಸೋರು ಯಾರು?" ಎಂದು ಕೇಳಿದರು. ಮಹತ್ಕಾರ್ಯಗಳಿಗೆ ಇಂಥ ಅಡ್ಡಮಾತು ಸಹಜ. ಮನೆಯಲ್ಲಿ ನನ್ನ ಹೆಂಡತಿ ಪ್ರೇಮ ಮಾತ್ರ ಕಾಫಿ ಪುಡಿ ಡಬ್ಬಿಯನ್ನು ಅಟ್ಟದ ಮೇಲೆ ಏರಿಸಿ, "ಆಡಿದ ಮೇಲೆ ಉಳಿಸ್ಕೋಬೇಕು ಕಣ್ರೀ" ಎಂದಳು.

ಅಂಗಡಿಯ ಅಣಬೆ ಕಾಫಿ ಪುಡಿಯ ಬೆಲೆ ನೋಡಿದವನೇ ಫೋನನ್ನು ಬೋರಲು ಹಾಕಿ, ಮನೆಯಲ್ಲೇ ಮಾಡುತ್ತೇನೆ ಎಂದೆ. ಕೆರಗೋಡಿನ ಒಬ್ಬ ಹೆಂಗಸು ಮನೆಯ ಒಂದು ಕೋಣೆಯಲ್ಲಿ ಭತ್ತದ ಹುಲ್ಲಿನ ಮೇಲೆ ಅಣಬೆ ಬೆಳೆಯುತ್ತಾಳೆ. ಅವಳ ಹತ್ತಿರ ಒಂದು ಚೀಲ ತಂದು ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಹರಡಿದೆ. ಮೂರು ದಿನ ಕಾಗೆ ಕಾಯ್ದೆ. ಒಣಗಿದ್ದನ್ನು ಬಾಣಲೆಯಲ್ಲಿ ಹುರಿದೆ. ಆ ವಾಸನೆಗೆ ಎದುರುಮನೆಯಾಕೆ ಕಾಂಪೌಂಡಿನ ಮೇಲೆ ಕತ್ತು ಚಾಚಿ, "ಏನ್ ಪ್ರೇಮಕ್ಕ, ಯಾರಾದ್ರೂ ನೆಂಟ್ರು ಬಂದವ್ರಾ?" ಎಂದು ವಿಚಾರಿಸಿಕೊಂಡಳು. ಮಿಕ್ಸಿಗೆ ಹಾಕಿ ಪುಡಿ ಮಾಡಿ, ಮುಕ್ಕಾಲು ಪಾಲು ಅಣಬೆಗೆ ಪ್ರೇಮ ಡಬ್ಬಿಯಿಂದ ಅಳೆದು ಕೊಟ್ಟ ಕಾಲು ಪಾಲು ಕಾಫಿ ಪುಡಿ ಬೆರೆಸಿ, ಫಿಲ್ಟರಿಗೆ ತುಂಬಿ ಬಿಸಿನೀರು ಹೊಯ್ದೆ. ಗಡ್ಡದ ಯುವಕ ಹೇಳದೆ ಬಿಟ್ಟಿದ್ದ ಸಂಗತಿಯೊಂದಿತ್ತು. ಅಣಬೆ ಪುಡಿ ನೀರು ಕುಡಿದು ಊದಿಕೊಂಡು ಫಿಲ್ಟರಿನ ತೂತುಗಳನ್ನೆಲ್ಲ ಮುಚ್ಚಿಬಿಟ್ಟಿತು. ಒಂದು ಗಂಟೆ ಕಾದರೂ ಕೆಳಗೆ ಒಂದು ಚಮಚ ಇಳಿದಿರಲಿಲ್ಲ. ಕೊನೆಗೆ ಎಲ್ಲವನ್ನೂ ಪಾತ್ರೆಗೆ ಬಗ್ಗಿಸಿ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಹಾಲು ಬೆಲ್ಲ ಹಾಕಿ ಕುಡಿದೆ. ರುಚಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಶಾಲೆಗೆ ಫ್ಲಾಸ್ಕಿನಲ್ಲಿ ಒಯ್ದು ಅನ್ವರ್ ಅವರಿಗೆ ಕೊಟ್ಟಾಗ ಅವರು ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಯೋಚಿಸಿ, "ಬೆಲ್ಲ ತೆಗೆದು ಉಪ್ಪು ಮೆಣಸು ಹಾಕಿದ್ರೆ ಒಳ್ಳೆ ಸೂಪ್ ಆಯ್ತದೆ ಸಾರ್" ಎಂದರು.

ಇಷ್ಟಾದರೂ ನಾನು ಸೋಲುವವನಲ್ಲ. ಸೋಲಿಸಿದ್ದು ನನ್ನ ಅವ್ವ. ನಮ್ಮ ಕಡೆ ಅಣಬೆ ಎಂದರೆ ತರಕಾರಿಯಲ್ಲ. ಮೊದಲ ಮಳೆ ಬಿದ್ದ ಮೇಲೆ ನಮ್ಮಪ್ಪ ಹುತ್ತದ ಪಕ್ಕದಲ್ಲಿ ಎದ್ದ ಅಣಬೆಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದರೆ, ಅವ್ವ ಅದಕ್ಕೆ ಮಾಂಸಕ್ಕೆ ಅರೆಯುವ ಖಾರವನ್ನೇ ಅರೆದು, ಬಾಡಿನ ಸಾರು ಮಾಡಿದಂತೆಯೇ ಮಾಡುತ್ತಿದ್ದಳು. ಅದನ್ನು ತಿಂದ ದಿನ ದೇವರಿಗೆ ದೀಪ ಹಚ್ಚುತ್ತಿರಲಿಲ್ಲ. ತಾರಸಿಯ ಮೇಲೆ ಒಣಗುತ್ತಿದ್ದ ಅಣಬೆ ನೋಡಿ, ಸಾರಿಗೆ ಎಂದುಕೊಂಡಿದ್ದ ಅವ್ವ, ನಾನು ಕಾಫಿಗೆ ಎಂದಾಗ ಗಲ್ಲದ ಮೇಲೆ ಕೈಯಿಟ್ಟು, "ಅಯ್ಯೋ ನಿನ್ ಮನೆ ಕಾಯ್ವಾಗ! ಬಾಡಲ್ಲಿ ಕಾಫಿ ಕಾಯಿಸ್ಕೊಂಡು ಕುಡೀತೀಯೇನ್ಲಾ?" ಎಂದಿದ್ದಳು. ಮೊದಲ ಶನಿವಾರ ಬೆಳಿಗ್ಗೆ ಒಲೆಗೆ ಅಡ್ಡ ನಿಂತಳು. ಸೋಮವಾರ, ಶನಿವಾರ ನಮ್ಮ ಮನೆಯಲ್ಲಿ ವಾರ ಮಾಡುತ್ತೇವೆ, ಅಂದರೆ ದೇವರ ದಿನವೆಂದು ಮಾಂಸ ಮುಟ್ಟುವುದಿಲ್ಲ.

"ಇವತ್ತು ವಾರ ಕಣ್ಲಾ. ಅಣಬೇನ ಒಲೆ ಮ್ಯಾಲೆ ಮಡಗಂಗಿಲ್ಲ" ಎಂದಳು.

"ಅಣಬೆ ಪ್ರಾಣಿ ಅಲ್ಲ ಕಣವ್ವ" ಎಂದೆ.

"ಅಂಗಾರೆ ಸೊಪ್ಪಾ?"

ಇಲ್ಲಿ ನನ್ನ ವಿದ್ಯೆ ನನಗೇ ಕೈಕೊಟ್ಟಿತು. ಸುಳ್ಳು ಹೇಳಲಾರದೆ, "ಸೊಪ್ಪೂ ಅಲ್ಲ, ಗಿಡವೂ ಅಲ್ಲ. ಅದು ಶಿಲೀಂಧ್ರ" ಎಂದೆ.

"ಪ್ರಾಣಿನೂ ಅಲ್ಲ, ಗಿಡನೂ ಅಲ್ಲ ಅಂದ್ಮೇಲೆ ಅದೇನು ಅಂತ ನಿಂಗೇ ನೆಟ್ಟುಗೆ ಗೊತ್ತಿಲ್ಲ. ನಂಗೊತ್ತು. ಬಾಡು ಅದು. ಪ್ರೇಮ, ಆ ಕಾಫಿ ಡಬ್ಬಿ ಇಳಿಸವ್ವ, ಇವತ್ತೊಂದಿನ ಇವ್ನು ಮನುಷ್ರಂಗೆ ಕಾಫಿ ಕುಡೀಲಿ."

ಆ ಕಾಫಿ! ನಾಲ್ಕು ದಿನ ಹಿಂಡಿದ ಕಷಾಯ ಕುಡಿದ ನಾಲಿಗೆಗೆ ಅದು ತಗುಲಿದಾಗ ನನ್ನ ಕಣ್ಣಲ್ಲಿ ನೀರು ಬಂತು ಎಂದರೆ ಉತ್ಪ್ರೇಕ್ಷೆಯಲ್ಲ. ಲೋಟ ಕೆಳಗಿಡುವಷ್ಟರಲ್ಲಿ ನನ್ನ ವಿಚಾರಗಳೆಲ್ಲ ಬದಲಾಗಿದ್ದವು. "ಅವ್ವ, ನೀನು ಹೇಳೋದೂ ಸರಿಯೇ. ನಿಜ ನೋಡಿದರೆ ಅಣಬೆ ಗಿಡಕ್ಕಿಂತ ಪ್ರಾಣಿಗೇ ಹತ್ತಿರದ ಸಂಬಂಧ. ವಿಜ್ಞಾನಿಗಳೇ ಹಾಗೆ ಹೇಳ್ತಾರೆ" ಎಂದೆ. ಸುಳ್ಳೇನಲ್ಲ ಅದು, ಬೇಕಾದರೆ ಕೇಳಿ ನೋಡಿ. ನನ್ನ ಬಾಯಿಂದ ವಿಜ್ಞಾನವನ್ನು ಅಷ್ಟು ಶ್ರದ್ಧೆಯಿಂದ ಅವ್ವ ಕೇಳಿದ್ದು ಅದೇ ಮೊದಲು. ಮಗ ಕೊನೆಗೂ ದಾರಿಗೆ ಬಂದ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು.

ಸೋಮವಾರವೂ ಹೀಗೇ ಕಳೆಯಿತು. ಅದೇ ವಾರ ನನಗೆ ಶುಕ್ರವಾರ ಲಕ್ಷ್ಮಿಯ ದಿನವೆಂಬುದು ಜ್ಞಾಪಕಕ್ಕೆ ಬಂತು. ಅದರ ಮುಂದಿನ ವಾರ ಗುರುವಾರ ಗುರುಗಳನ್ನು ನೆನೆಯದೆ ಇರುವುದು ಮೇಷ್ಟ್ರಾದವನಿಗೆ ಶೋಭೆಯಲ್ಲ ಅನ್ನಿಸಿತು. ಸಂಕಷ್ಟಿ, ಏಕಾದಶಿ, ಅಮಾವಾಸ್ಯೆಗಳನ್ನು ಒಂದೊಂದಾಗಿ ಸೇರಿಸಿಕೊಂಡೆ. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡು "ಪ್ರೇಮಾ, ಇವತ್ತು ವಾರ" ಎಂದು ಗಂಭೀರವಾಗಿ ಹೇಳಿದರೆ ಸಾಕು, ಡಬ್ಬಿ ಅಟ್ಟದಿಂದ ಇಳಿಯುತ್ತಿತ್ತು. ಮಂಗಳವಾರವನ್ನೂ ಮಾರಮ್ಮನ ಹೆಸರಿನಲ್ಲಿ ಗಿಟ್ಟಿಸಲು ನೋಡಿದೆ. ಅವ್ವ ಒಪ್ಪಲಿಲ್ಲ. "ಮಾರವ್ವಂಗೆ ಬಾಡೇ ಬೇಕು ಕಣ್ಲಾ. ಅವಳೆಸ್ರು ಯೋಳಿ ಬಾಡು ಬುಟ್ರೆ ಮುನಿಸ್ಕತಾಳೆ" ಎಂದಳು. ಭಾನುವಾರವನ್ನು ಮಾತ್ರ ನಾನೇ ಯಾವ ದೇವರಿಗೂ ಬಿಟ್ಟುಕೊಡಲಿಲ್ಲ, ಅಂದು ನಮ್ಮ ಮನೆಯಲ್ಲಿ ಮಟನ್. ಪ್ರೇಮ ಇದನ್ನೆಲ್ಲ ನೋಡಿ ಒಂದು ದಿನವೂ ನಗಲಿಲ್ಲ. ನಕ್ಕಿದ್ದರೆ ನಾನು ಹುಷಾರಾಗುತ್ತಿದ್ದೆ.

ಹೀಗಿರುವಾಗ ಪ್ರೇಮಳ ಚಿಕ್ಕಪ್ಪನ ಮಗಳ ಮದುವೆಯಾಗಿ, ಮಳವಳ್ಳಿಯಲ್ಲಿ ಬೀಗರೂಟ ಇಟ್ಟರು. ನಮ್ಮ ಜಿಲ್ಲೆಯಲ್ಲಿ ಮದುವೆಗೆ ಹೋಗದಿದ್ದರೂ ಕ್ಷಮಿಸುತ್ತಾರೆ, ಬೀಗರೂಟಕ್ಕೆ ಹೋಗದಿದ್ದರೆ ಸಂಬಂಧವೇ ಕೆಡುತ್ತದೆ. ಆ ಚಿಕ್ಕಪ್ಪನ ಮನೆಯ ಬಾಡೂಟವೆಂದರೆ ನಾನು ಹದಿನೈದು ದಿನ ಮುಂಚಿನಿಂದ ಕನಸು ಕಾಣುವಂಥದ್ದು. ಕಾಗದ ಕೈಗೆ ಬಂದಾಗ ನೋಡಿದೆ, ಗುರುವಾರ. ಗುರುವಾರ ವಾರ ಮಾಡುವವರು ಆ ನೆಂಟರಲ್ಲಿ ಯಾರೂ ಇರಲಿಲ್ಲ, ನನ್ನನ್ನು ಬಿಟ್ಟು. ಕಾರಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ನೋಡುತ್ತಾ, "ಗುರುವಾರ ಅಷ್ಟೇನೂ ಕಟ್ಟುನಿಟ್ಟಲ್ಲ ಅಂತಾರೆ" ಎಂದು ಒಂದು ಮಾತು ಬಿಟ್ಟೆ.

"ದೇವ್ರತ್ರ ಆಟ ಆಡ್ಬ್ಯಾಡ ಕಣ್ಲಾ!" ಎಂದಳು ಹಿಂದಿನ ಸೀಟಿನಿಂದ ಅವ್ವ.

ಪೆಂಡಾಲಿನಲ್ಲಿ ಕಾಲಿಟ್ಟರೆ ಹೊಟ್ಟೆ ತಾನಾಗಿ ಕೂಗಿಕೊಳ್ಳುವಂಥ ಘಮ. ಮುದ್ದೆ, ಬೋಟಿ ಗೊಜ್ಜು, ಕೈಮದುಂಡೆ, ಮೂಳೆ ಸಾರು. "ಬನ್ನಿ ಅಳಿಯಂದ್ರೆ, ನಿಮ್ಗೇ ಅಂತ ತಲೆಮಾಂಸ ಎತ್ತಿಡ್ಸಿವ್ನಿ" ಎಂದು ಚಿಕ್ಕಪ್ಪ ಕೈ ಹಿಡಿದುಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಪ್ರೇಮ, "ಚಿಕ್ಕಪ್ಪಾ, ಅವ್ರು ಗುರುವಾರ ತಿನ್ನಲ್ಲ. ಭಾರೀ ನೇಮ ಅವ್ರುದು" ಎಂದಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, "ದೇವ್ರಿಗೆ ಗೊತ್ತಾಗದೆ ಇರಬಹುದು ಕಣ್ರೀ. ಡಬ್ಬಿ ಇಳಿಸ್ತಿದ್ದೋಳು ನಾನು" ಎಂದಳು. ಚಿಕ್ಕಪ್ಪ ಪಾಪ, ಪೇಚಾಡಿಕೊಂಡು ನನ್ನನ್ನು ಮೂಲೆಯ ಪಂಕ್ತಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಅಲ್ಲಿ ಕಾಮಾಲೆಯಿಂದ ಈಚೆಗೆ ಎದ್ದಿದ್ದ ಒಬ್ಬ, ಮಾಂಸ ಬಿಟ್ಟು ಕೊರಳಿಗೆ ತುಳಸಿಮಣಿ ಹಾಕಿಸಿಕೊಂಡಿದ್ದ ಒಬ್ಬರು ಮುದುಕರು, ಅವರ ಪಕ್ಕಕ್ಕೆ ನಾನು.

ಬಡಿಸುವವನು ದೊಡ್ಡ ಬೇಸಿನ್ ಹೊತ್ತು ಬಂದ. "ಬಾಡು ತಿನ್ನದೋರ್ಗೆ ಅಂತ ಬ್ಯಾರೆ ಮಾಡ್ಸವ್ರೆ ಸಾರ್, ಮಶ್ರೂಮ್ ಬಿರಿಯಾನಿ" ಎಂದ. ಮುಚ್ಚಳ ತೆಗೆದ. ಲವಂಗ, ಚಕ್ಕೆ, ತುಪ್ಪ, ಮಸಾಲೆ ಹೀರಿಕೊಂಡು ಹೊಳೆಯುವ ಅಣಬೆ. ಇಷ್ಟು ದಿನ ನನ್ನನ್ನು ಗೋಳುಹೊಯ್ದುಕೊಂಡ ಆ ಪದಾರ್ಥ ಎಷ್ಟು ಚೆಲುವಾದದ್ದೆಂದು ಆಗ ನನಗೆ ಅರ್ಥವಾಯಿತು. ಎಲೆಯನ್ನು ಮುಂದಕ್ಕೆ ಸರಿಸಿದೆ. ಸೌಟು ಎಲೆಯ ಮೇಲೆ ಬರುವಷ್ಟರಲ್ಲಿ ಎದುರು ಪಂಕ್ತಿಯಿಂದ ಅವ್ವನ ಕೂಗು ಇಡೀ ಪೆಂಡಾಲಿಗೆ ಕೇಳಿಸಿತು.

"ಅಯ್ಯಯ್ಯೋ, ಅವ್ನಿಗೆ ಇಕ್ಬ್ಯಾಡಿ ಕಣ್ರಪ್ಪೋ! ಅಣಬೇನೂ ಬಾಡೇಯ! ನನ್ ಮಗ ಇಜ್ಞಾನದ ಮೇಷ್ಟ್ರು, ಅವ್ನೇ ಯೋಳವ್ನೆ!"

ಸೌಟು ಹಿಂದಕ್ಕೆ ಹೋಯಿತು. ಕಾಮಾಲೆಯವನು ಎರಡು ಸಲ ಹಾಕಿಸಿಕೊಂಡ. ನನಗಿಂತ ಮೊದಲೇ ಹಾಕಿಸಿಕೊಂಡು ಒಂದು ತುತ್ತು ಬಾಯಿಗಿಟ್ಟಿದ್ದ ತುಳಸಿಮಣಿಯ ಮುದುಕರು, ಅವ್ವನ ಮಾತು ಕೇಳಿ ಮುಜುಗರದಿಂದ ಕೈ ಹಿಂದೆಗೆದರು. ನನ್ನ ಎಲೆಗೆ ಅನ್ನ, ಮೊಸರು, ಒಂದು ಹೋಳು ಉಪ್ಪಿನಕಾಯಿ ಬಿದ್ದವು. ಮೂಳೆ ಚೀಪುವ ಸದ್ದನ್ನು ಕೇಳುತ್ತಾ ಮೊಸರನ್ನ ಕಲಸುವ ಕಷ್ಟ ಯಾವ ಶತ್ರುವಿಗೂ ಬೇಡ. ಒಳಗೆ ಅಳು ಬರುವಂತಾಗಿತ್ತು. ಎದ್ದು ನಿಂತು ಎಲ್ಲಾ ಬರೀ ಕಾಫಿಯ ಆಸೆಗೆ ಆಡಿದ ನಾಟಕ, ತನ್ನಿ ಇಲ್ಲಿ ತಲೆಮಾಂಸ ಎಂದುಬಿಡೋಣ ಅನ್ನಿಸಿತು. ಇನ್ನೇನು ಎದ್ದೇಬಿಡಬೇಕು, ಪಕ್ಕದ ಮುದುಕರು ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

"ಮೂವತ್ತು ವರ್ಷಾಯ್ತು ಸ್ವಾಮಿ ನಾನು ಮಣಿ ಹಾಕಿಸ್ಕೊಂಡು. ಆದ್ರೂ ಅಣಬೆ ಬುಡಕಾಗ್ನಿಲ್ಲ. ನೀವು ನಿಜವಾಗ್ಲೂ ಆಸೆ ಗೆದ್ದೋರು" ಎಂದರು. ಆಚೀಚೆಯ ನಾಲ್ಕು ಜನ ಊಟ ನಿಲ್ಲಿಸಿ ನನ್ನನ್ನೇ ನೋಡಿದರು.

ಬೆನ್ನು ತಾನಾಗಿ ನೆಟ್ಟಗಾಯಿತು. ಮುಖದಲ್ಲಿ ಒಂದು ಶಾಂತವಾದ ನಗೆ ತಂದುಕೊಂಡು, "ಎಲ್ಲಾ ಅಭ್ಯಾಸ, ಅಷ್ಟೇ" ಎಂದು, ಇನ್ನೊಂದು ಸೌಟು ಮೊಸರು ಹಾಕಿಸಿಕೊಂಡೆ.