ಪ್ರಗತಿಪರ ರೈತನ ಫ್ಲೆಕ್ಸು

ಚಂದಕವಾಡಿಯ ಶಾಂತರಾಜುವಿಗೆ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಕೆಲಸವಿತ್ತು, ಊರಾಚೆ ಎರಡೆಕರೆ ಹೊಲವಿತ್ತು, ಹೇಳಬೇಕಾದ್ದನ್ನು ನೇರವಾಗಿ ಹೇಳುವ ಹೆಂಡತಿಯಿದ್ದಳು. ಇಲ್ಲದಿದ್ದುದು ಒಂದೇ, ಫ್ಲೆಕ್ಸಿನ ಮೇಲೆ ಸ್ವಂತದ್ದೆನ್ನುವ ಜಾಗ. ಊರಿನಲ್ಲಿ ಯಾರ ಹುಟ್ಟುಹಬ್ಬವಾದರೂ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ, ಚಂದಾ ಕೊಟ್ಟವರ ಮುಖಗಳು ಕೆಳಗೆ ಸಾಲಾಗಿ ಬರುತ್ತವೆ. ಶಾಂತರಾಜು ಯಾವಾಗಲೂ ಕೊನೆಯ ಸಾಲಿನ ಕೊನೆಯವನು. ಹೆಬ್ಬೆಟ್ಟಿನಷ್ಟು ಮುಖ, ಅದರಲ್ಲೂ ಅರ್ಧ ಕಂಬದ ಹಿಂದೆ.

ಹೀಗಿರುವಾಗ ಗುಂಡ್ಲುಪೇಟೆಯ ಅಂಗಡಿಯ ಸುಧಾಕರ್ ಕಾಡುಹಂದಿ ಓಡಿಸುವ ಪೆಟ್ಟಿಗೆಯನ್ನು ಮಾರಲು ಬಂದ. ಶಾಂತರಾಜುವಿಗೆ ಒಂದನ್ನು ಪುಕ್ಕಟೆ ಕೊಟ್ಟು ಫೋಟೋ ಕೇಳಿದ. ಮರುವಾರವೇ ಸರ್ಕಲ್ಲಿನಲ್ಲಿ ಹತ್ತಡಿಯ ಫ್ಲೆಕ್ಸ್ ಎದ್ದಿತು. ಮೀಸೆಯೊಂದೇ ಒಂದಡಿ. ‘ಹುಲಿಗರ್ಜನೆ ಪೆಟ್ಟಿಗೆ. ಇದನ್ನಿಟ್ಟ ಮೇಲೆ ನನ್ನ ಹೊಲಕ್ಕೆ ಒಂದು ಹಂದಿಯೂ ಕಾಲಿಟ್ಟಿಲ್ಲ. ಇಂತಿ, ಶಾಂತರಾಜು, ಪ್ರಗತಿಪರ ರೈತ.’ ಅಂದಿನಿಂದ ಶಾಂತರಾಜು ಕಾರ್ಖಾನೆಗೆ ಹೋಗುವಾಗ ಹತ್ತಿರದ ಸ್ಟಾಪ್ ಬಿಟ್ಟು ಸರ್ಕಲ್ಲಿನವರೆಗೆ ನಡೆದುಹೋಗಿ ಬಸ್ ಹತ್ತುತ್ತಿದ್ದ.

ಅವನ ವಾರದ ರಜೆಯ ದಿನ ಬೆಳಿಗ್ಗೆ ಪಕ್ಕದ ಬೀದಿಯ ಪುಟ್ಟಸಿದ್ದಮ್ಮ ಬಂದು, ಮಡಿಲಲ್ಲಿದ್ದ ಕಡಿದ ಜೋಳದ ತೆನೆಗಳನ್ನು ಜಗಲಿಯ ಮೇಲೆ ಸುರಿದಳು.

“ನಿನ್ ಮೊಖ ನೋಡಿ ಪೆಟ್ಗೆ ತಂದೆ ಕಣಪ್ಪ. ಅರ್ಧ ಎಕ್ರೆ ಮುಸುಕಿನ ಜೋಳ ಓಯ್ತು.”

“ಯಾಕಮ್ಮ, ಪೆಟ್ಗೆ ಕೂಗ್ನಿಲ್ವಾ?”

“ಕೂಗ್ತು. ಹುಲಿ ಥರಾನೇ ಕೂಗ್ತು. ಮೊದಲ್ನೇ ದಿವ್ಸ ಹಂದಿಗೋಳು ಓಡೋದೊ. ಮೂರ್ನೇ ದಿವ್ಸ ಬಂದು ಪೆಟ್ಗೆ ಮೂಸ್ಬುಟ್ಟು, ಅದ್ಕೇ ಬೆನ್ನು ಉಜ್ಕೊಂಡು ಓಗವೆ.”

ಅಷ್ಟರಲ್ಲಿ ಗೆಳೆಯ ರಂಗನಾಯಕ ತನ್ನಂತೆಯೇ ಪೆಟ್ಟಿಗೆ ಕೊಂಡಿದ್ದ ಇನ್ನೈದು ಜನರನ್ನು ಕರೆತಂದ. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಹುಲಿ. ಯಾರೋ ಗುಂಡಿ ಅದುಮಿದ್ದರಿಂದ ಒಂದು ಗರ್ಜಿಸಿತು. ಜಗಲಿಯ ಮೇಲೆ ಮಲಗಿದ್ದ ಬೆಕ್ಕು ಕಣ್ಣನ್ನೂ ತೆರೆಯಲಿಲ್ಲ.

ಬೇರೆಯವರಾಗಿದ್ದರೆ ಹಿತ್ತಲ ಬಾಗಿಲು ಹುಡುಕುತ್ತಿದ್ದರು. ಶಾಂತರಾಜು ಎದೆ ಸೆಟೆಸಿ ನಿಂತ. ಕಾರ್ಖಾನೆಯಲ್ಲಿ ಗ್ರಾಹಕರ ಹಕ್ಕುಗಳ ಬಗ್ಗೆ ಒಂದು ಗಂಟೆ ಭಾಷಣ ಕೇಳಿದ್ದ. ಸುಳ್ಳು ಜಾಹೀರಾತಿಗೆ ಶಿಕ್ಷೆ ಉಂಟೆಂದು ಅವನಿಗೆ ಗೊತ್ತಿತ್ತು. ಊರಿನ ಏಳು ಜನ ಒಟ್ಟಾಗಿ ನ್ಯಾಯ ಕೇಳುವಾಗ ಮುಂದೆ ನಿಲ್ಲುವ ಮುಖ ತನ್ನದೇ ಆಗಬೇಕೆಂದು ಅವನ ಮನಸ್ಸು ಹೇಳಿತು.

“ಹೆದರ್ಬ್ಯಾಡಿ. ಕಾನೂನದೆ. ಅವನ್ನ ಬುಡದಿಲ್ಲ ನಾನು. ನಡೀರಿ ಚಾಮರಾಜನಗರಕ್ಕೆ ಓಗನ” ಎಂದ.

“ಮೊದ್ಲು ಆ ಫ್ಲೆಕ್ಸ್ ಬಿಚ್ಚಾಕಿ ಅಂತೀನಿ” ಎಂದಳು ಹೆಂಡತಿ ನೀಲಾವತಿ.

“ಅದ್ಯಾಕೆ? ಮಾತು ಅವನ್ದು, ಮೊಖ ತಾನೆ ನಂದು” ಎನ್ನುತ್ತ ಶಾಂತರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ.

ಚಾಮರಾಜನಗರದಲ್ಲಿ ವಕೀಲೆ ಸಿಂಧು ಪುಟ್ಟಸಿದ್ದಮ್ಮನ ತಂಗಿಯ ಮಗಳು. ರಸೀದಿಗಳನ್ನೆಲ್ಲ ಜೋಡಿಸಿಕೊಂಡು, ರಂಗನಾಯಕನ ಮೊಬೈಲಿನಲ್ಲಿದ್ದ ಫ್ಲೆಕ್ಸಿನ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು.

“ಕೇಸ್ ಗಟ್ಟಿಯಾಗಿದೆ ದೊಡ್ಡಮ್ಮ. ಮೊದಲನೇ ಎದುರುದಾರ ಅಂಗಡಿಯವನು. ಎರಡನೇ ಎದುರುದಾರರ ಪೂರ್ತಿ ಹೆಸರು, ವಿಳಾಸ ಹೇಳಿ.”

“ಎರಡನೆಯವ್ನು ಯಾರವ್ವ?” ಶಾಂತರಾಜು ಮುಂದಕ್ಕೆ ಬಾಗಿದ. “ಯಾರೇ ಆಗ್ಲಿ, ಬುಡ್ಬ್ಯಾಡ.”

“ನೀವೇ ಅಣ್ಣ. ಮಾರೋನಷ್ಟೇ ಅಲ್ಲ, ಪರೀಕ್ಷೆ ಮಾಡದೆ ‘ನಾನು ನೋಡಿದ್ದೀನಿ, ಚೆನ್ನಾಗಿದೆ’ ಅಂತ ಜಾಹೀರಾತಲ್ಲಿ ಹೇಳಿದೋರೂ ಹೊಣೆ. ಗ್ರಾಹಕ ರಕ್ಷಣಾ ಪ್ರಾಧಿಕಾರದೋರು ಹತ್ತು ಲಕ್ಷದವರೆಗೂ ದಂಡ ಹಾಕಬಹುದು. ನೀವು ಪರೀಕ್ಷೆ ಮಾಡಿದ್ರಾ? ಹೊಲದಲ್ಲಿ ಏನು ಬೆಳೆ ಇತ್ತು?”

ಶಾಂತರಾಜು ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ಉತ್ತರ ಕೊಟ್ಟವಳು ಪುಟ್ಟಸಿದ್ದಮ್ಮ.

“ಯಾವ್ ಬೆಳೆ ತಾಯಿ? ಎರಡು ವರ್ಸದಿಂದ ಬರೀ ಪಾರ್ಥೇನಿಯಂ. ಹಂದಿ ಬಂದು ಏನ್ ಉಪ್ಪಾಕ್ಕೊಂಡು ತಿಂದದಾ?”

ಶಾಂತರಾಜುವಿನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಜೀವಮಾನದಲ್ಲಿ ಗಳಿಸಿದ್ದ ಮರ್ಯಾದೆ ಕೋರ್ಟಿನ ಕಾಗದದ ಮೇಲೆ ಹರಾಜಾಗುವುದು ಕಣ್ಣಿಗೆ ಕಟ್ಟಿತು. ಕೇಸಿಲ್ಲದೆ ಬಗೆಹರಿಸುವ ದಾರಿಯಿಲ್ಲವೇ ಎಂದು ಮೆಲ್ಲನೆ ಕೇಳಿದ.

“ಇದೆ. ರಾಜಿಪತ್ರ ಬರೆದುಕೊಡ್ತೀನಿ, ಮೂರು ಷರತ್ತು. ಅಂಗಡಿಯವನೂ ನೀವೂ ಒಪ್ಪಿ ಸಹಿ ಹಾಕಿದ್ರೆ ಕೇಸ್ ಬೇಡ. ಓದಿ ಸಹಿ ಹಾಕಿ, ಆಯ್ತಾ?” ಎಂದಳು ಸಿಂಧು.

ಎಲ್ಲರೂ ಗುಂಡ್ಲುಪೇಟೆಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಶಾಂತರಾಜುವಿಗೆ ಹೋದ ಜೀವ ಬಂದಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತಾರೆ. ಇವನ ಕೈಯಲ್ಲಂತೂ ಸ್ಟಾಂಪ್ ಪೇಪರೇ ಇತ್ತು. ಸುಧಾಕರ್ ನಗುನಗುತ್ತ ಕಾಫಿ ತರಿಸಹೋದರೆ ಶಾಂತರಾಜು ಮೇಜು ಗುದ್ದಿದ.

“ನಿನ್ ಕಾಫಿ ನೀನೇ ಕುಡಿ. ರೈತ್ರು ಬೆವರು ಸುರ್ಸಿ ತಂದ ದುಡ್ಡು ಕಣಯ್ಯ ಅದು. ಸುಳ್ಳು ಜಾಹೀರಾತಿಗೆ ಕಾನೂನ್ನಲ್ಲಿ ಏನದೆ ಗೊತ್ತಾ? ಹತ್ತು ಲಕ್ಷ.”

ಆ ಮೊತ್ತವನ್ನು ಹೇಳುವಾಗ ಅವನ ದನಿಯಲ್ಲಿದ್ದ ನಡುಕ ಅಪ್ಪಟವಾಗಿತ್ತು. ಸುಧಾಕರ್ ಕಾಗದವನ್ನು ಎರಡು ಸಲ ಓದಿದ, ಬೆವರು ಒರೆಸಿಕೊಂಡ, ಸಹಿ ಹಾಕಿ ಗಲ್ಲಾ ತೆರೆದ. ಏಳು ಜನರ ದುಡ್ಡೂ ಅಲ್ಲೇ ವಾಪಸ್ ಬಂತು. ಪೆಟ್ಟಿಗೆಗಳು ಸಾಲಾಗಿ ಕಪಾಟು ಸೇರಿದವು.

ಊರಿನವರಿಗೆ ಹೆಮ್ಮೆಯೋ ಹೆಮ್ಮೆ. ಅಂಗಡಿಯವನ ಗಲ್ಲಾದಿಂದ ಹೀಗೆ ದುಡ್ಡು ಮರಳಿ ಬಂದದ್ದನ್ನು ಅವರಲ್ಲಿ ಯಾರೂ ಈ ಮೊದಲು ಕಂಡಿರಲಿಲ್ಲ. ಪುಟ್ಟಸಿದ್ದಮ್ಮ ನೋಟುಗಳನ್ನು ಕಣ್ಣಿಗೊತ್ತಿಕೊಂಡಳು. ರಂಗನಾಯಕ ಫೋಟೋ ತೆಗೆಯುತ್ತ, “ನಗ್ಲಾ ಶಾಂತರಾಜು, ಗೆದ್ದಿದ್ದೀಯ ಕಣ್ಲಾ” ಎಂದ. ಶಾಂತರಾಜು ಪೆನ್ನು ಹಿಡಿದು, ಮೊಬೈಲಿನ ಕಡೆ ಹಲ್ಲೆಲ್ಲ ಬಿಟ್ಟು ನಗುತ್ತಲೇ ರಾಜಿಪತ್ರಕ್ಕೆ ಸಹಿ ಜಡಿದ. ಆ ಸಹಿಯ ಬಾಲ ಕಾಗದದಾಚೆಯ ಮೇಜಿನವರೆಗೂ ಹೋಯಿತು.

“ಫೋಟೋ ಚೆನ್ನಾಗದೆ. ನಂಗೂ ಕಳ್ಸಣ್ಣ, ಬೇಕಾಗ್ತದೆ” ಎಂದ ಸುಧಾಕರ್. ರಂಗನಾಯಕ ಕಳಿಸಿದ.

ಹೋಟೆಲಿನಲ್ಲಿ ಊಟ, ಪಾನು, ಗೆದ್ದ ಕತೆಯನ್ನು ಮೂರು ಸಲ ಹೇಳಿಕೊಂಡದ್ದು ಎಲ್ಲ ಮುಗಿದು ಅವರು ಚಂದಕವಾಡಿ ಮುಟ್ಟುವಾಗ ಸಂಜೆಯಾಗಿತ್ತು. ಸರ್ಕಲ್ಲಿನಲ್ಲಿ ಜನ ನೆರೆದಿದ್ದರು. ಹಳೆಯ ಫ್ಲೆಕ್ಸಿನ ಜಾಗದಲ್ಲಿ ಇಪ್ಪತ್ತಡಿಯ ಹೊಸದು ನಿಂತಿತ್ತು. ಅದರ ತುಂಬ ಹಲ್ಲೆಲ್ಲ ಬಿಟ್ಟು ನಗುವ ಶಾಂತರಾಜು. ಪಕ್ಕದಲ್ಲಿ ಕೆಂಪಕ್ಷರ: ‘ಪೆಟ್ಟಿಗೆಗೆ ಹಂದಿ ಹೆದರುವುದಿಲ್ಲ. ನನ್ನ ಹೊಲಕ್ಕೆ ಹಂದಿ ಬಾರದಿದ್ದುದು ಅಲ್ಲಿ ತಿನ್ನಲು ಏನೂ ಇಲ್ಲದ್ದರಿಂದ. ನಾನು ಹೇಳಿದ್ದನ್ನು ಯಾರೂ ನಂಬಬೇಡಿ. ಇಂತಿ, ಶಾಂತರಾಜು.’ ಪ್ರಗತಿಪರ ರೈತ ಎಂಬುದು ಇರಲಿಲ್ಲ.

“ಯಾರ್ಲಾ ಇದನ್ನ ಕಟ್ಟಿದ್ದು?” ಎಂದ ಶಾಂತರಾಜು.

“ಅಂಗ್ಡಿಯೋನೇ ಕಟ್ಟಿಸವ್ನೆ. ಮೂರ್ನೇ ಷರತ್ತು ಕಣ್ಲಾ” ಎಂದ ರಂಗನಾಯಕ, ಹೆಮ್ಮೆಯಿಂದ. “ಸುಳ್ಳು ಹೇಳಿದ ಜಾಗ್ದಲ್ಲೇ, ಅದೇ ಮೊಖದಲ್ಲಿ, ಎರಡರಷ್ಟು ದೊಡ್ಡದಾಗಿ ನಿಜ ಹೇಳ್ಬೇಕು. ಮೂರು ತಿಂಗ್ಳು ಬಿಚ್ಚಂಗಿಲ್ಲ. ನೀನೇ ಸೈನ್ ಹಾಕಿದ್ಯಲ್ಲ.”

ನೀಲಾವತಿ ಗುಂಪಿನಿಂದ ಮುಂದೆ ಬಂದು ಫ್ಲೆಕ್ಸನ್ನೂ ಗಂಡನನ್ನೂ ಒಮ್ಮೆ ನೋಡಿದಳು. “ಬೆಳಿಗ್ಗೆನೇ ಬಿಚ್ಚಿ ಅಂದಿದ್ದೆ” ಎಂದಷ್ಟೇ ಹೇಳಿ ಮನೆಯ ದಾರಿ ಹಿಡಿದಳು.

ಪುಟ್ಟಸಿದ್ದಮ್ಮನಿಗೆ ಮಾತ್ರ ಉಪಕಾರ ಮರೆಯುವ ಬುದ್ಧಿಯಿರಲಿಲ್ಲ. ಗುಂಡ್ಲುಪೇಟೆಯಿಂದ ಮಾರುದ್ದದ ಚೆಂಡುಹೂವಿನ ಹಾರ ತಂದಿದ್ದಳು. ಶಾಂತರಾಜು ಕತ್ತು ಕೊಡದೆ ಟೀ ಅಂಗಡಿಯ ಮೂಲೆಗೆ ಓಡಿದ. “ನಾಚ್ಕೆ ಅವನ್ಗೆ” ಎಂದ ಆಕೆ ಏಣಿ ಹಾಕಿಸಿ, ಹಾರವನ್ನು ಫ್ಲೆಕ್ಸಿನ ಮುಖಕ್ಕೇ ಹಾಕಿಸಿ ಕೈಮುಗಿದಳು. ಉಳಿದವರೂ ಮುಗಿದರು.

ಆಗ ಪರವೂರಿನ ಮುದುಕರೊಬ್ಬರು ಬಸ್ಸಿಳಿದರು. ಓದು ಬರದವರು. ಹಾರ ಹಾಕಿದ ಅಷ್ಟು ದೊಡ್ಡ ಪಟ ಕಂಡು, ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿ, ಟೀ ಅಂಗಡಿಯ ಮೂಲೆಯಲ್ಲಿ ತಲೆಗೆ ಟವೆಲ್ ಹೊದ್ದು ಕುಳಿತವನ ಹತ್ತಿರ ಬಂದರು.

“ಅಯ್ಯೋ ಪಾಪ, ನಗ್ನಗ್ತಾ ಅವ್ರೆ. ಯಾವಾಗ ತೀರ್ಕೊಂಡ್ರಪ್ಪ?”

ಟವೆಲಿನೊಳಗಿಂದ ಉತ್ತರ ಬಂತು.

“ಇವತ್ತು ಸಂಜೆ ಕಣಜ್ಜ.”